ತೊಳೆಯಲು ಕೊಡದ ಮ್ಯಾಗ್ನೆಟ್

ಮಾರ್ಚ್ ೩, ಸೋಮವಾರ

ಗಟ್ಟಿಯಾಯಿತು. ಹನ್ನೊಂದೇ ನಿಮಿಷಕ್ಕೆ ಗಟ್ಟಿಯಾಯಿತು!

ಸೀಸೆಯನ್ನು ತಲೆಕೆಳಗು ಹಿಡಿದೆ. ಒಂದು ಹನಿ ಜಾರಲಿಲ್ಲ. ಅಲುಗಿಸಿದೆ. ಮಗುವಿನ ಕೆನ್ನೆಯ ಹಾಗೆ ನಡುಗಿತೇ ಹೊರತು ಹರಿಯಲಿಲ್ಲ. ಎರಡು ವರ್ಷ ನಾಲ್ಕು ತಿಂಗಳು ನೀರಾಗಿಯೇ ಉಳಿದು ನನ್ನನ್ನು ಅಣಕಿಸುತ್ತಿದ್ದದ್ದು ಇಂದು ಮಾತು ಕೇಳಿತು.

ಎರಡು ಉದ್ದನೆಯ ಅಣುಸರಪಳಿಗಳು. ಒಂದರ ಮೈತುಂಬ ಕೊಂಡಿ, ಇನ್ನೊಂದರ ಮೈತುಂಬ ಕೊಕ್ಕೆ. ಎರಡೂ ನೀರಿನಂತಿರುತ್ತವೆ. ಬೆರೆಸಿ ಗಾಯದ ಮೇಲೆ ಸುರಿದರೆ ಕೊಂಡಿಗೆ ಕೊಕ್ಕೆ ಬಿದ್ದು, ಬಲೆ ಹೆಣೆದುಕೊಂಡು ಚರ್ಮದ ಹಾಗೆ ಕೂರಬೇಕು. ಕೊಂಡಿಗೆ ಕೊಕ್ಕೆ ಬೀಳಬೇಕಾದರೆ ತಾಮ್ರ ಹಾಕಲೇಬೇಕು ಎನ್ನುವುದು ಪುಸ್ತಕದ ಮಾತು. ತಾಮ್ರ ಗಾಯಕ್ಕಿಳಿದರೆ ಜೀವಕೋಶ ಸಾಯುತ್ತದೆ ಎನ್ನುವುದೂ ಪುಸ್ತಕದ ಮಾತೇ. ತಾಮ್ರವಿಲ್ಲದೆ ಬೆಸೆಯುವ ಕೊಕ್ಕೆಯನ್ನು ನಾನು ಕಟ್ಟುತ್ತೇನೆ ಎಂದಾಗ ಪಕ್ಕದ ಮೇಜಿನ ಇಸ್ತ್ರಿ ನಕ್ಕಿದ್ದ. ಕೋಟಿನ ಮಡಿಕೆ ಮುರಿಯದಂತೆ ಪ್ರಯೋಗ ಮಾಡುವ ಮಹಾನುಭಾವ ಅವನು, ಅದಕ್ಕೇ ಆ ಹೆಸರು.

ಪುಸ್ತಕ ಬರೆದವರು ಗಾಯದ ಬಟ್ಟೆ ಒಗೆದವರಲ್ಲ. ನನ್ನಮ್ಮ ಒಗೆದಿದ್ದಾಳೆ. ಇಪ್ಪತ್ತಾರು ವರ್ಷ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಿಸಿನೀರು ಸೋಡಾಪುಡಿಯಲ್ಲಿ ಕೈ ಅದ್ದಿ. ಪಟ್ಟಿ ಬಿಚ್ಚುವಾಗ ಹುಣ್ಣಿನ ಮೇಲೆ ಬಂದ ಹೊಸ ಚರ್ಮವೂ ಕಿತ್ತುಬರುತ್ತದೆ. ಆ ಚರ್ಮ ಅಂಟಿದ ಪಟ್ಟಿಗಳನ್ನು ನೋಡುತ್ತ ಬೆಳೆದವಳು ನಾನು. ಕೀಳಬೇಕಿಲ್ಲದ ಪಟ್ಟಿ ಬೇಕು. ನನ್ನ ವಿಜ್ಞಾನ ಇಷ್ಟೇ.

ಯಾರಿಗಾದರೂ ತೋರಿಸಬೇಕೆನ್ನಿಸಿತು. ಎಲ್ಲರೂ ಊಟಕ್ಕೆ ಹೋಗಿದ್ದರು, ಒಟ್ಟಿಗೆ, ಎಂದಿನಂತೆ ನನ್ನನ್ನು ಬಿಟ್ಟು. ಗಾಜು ತೊಳೆಯುವವಳು ಮಾತ್ರ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮುಗೀತಾ ಮೇಡಂ? ಎತ್ಕೊಳ್ಳಾ?"

"ಎತ್ಕೋ."

ಸೀಸೆಯತ್ತ ನೋಡಿ, "ಓ, ಹೆಪ್ಪುಗಟ್ಟಿದೆಯಲ್ಲ" ಎಂದಳು. ಅವಳಿಗೇನು ತಿಳಿಯಬೇಕು. ಇಡೀ ದಿನ ಒಬ್ಬರ ಜೊತೆಗೂ ಮಾತಾಡದೆ ಗೆದ್ದೆ.

ಮಾರ್ಚ್ ೫, ಬುಧವಾರ

ಮತ್ತೆ ಮಾಡಿದೆ. ಹನ್ನೆರಡು ನಿಮಿಷ. ಮತ್ತೆ. ಹನ್ನೆರಡು.

ಇಲ್ಲಿ ಯಾರೂ ಓದುವವರಿಲ್ಲ, ಆದ್ದರಿಂದ ಒಂದು ನಾಚಿಕೆಗೇಡಿನ ವಿಷಯ ಬರೆದಿಡುತ್ತೇನೆ. ದ್ರಾವಣ ಕಲಕಲು ಫ್ಲಾಸ್ಕಿನೊಳಗೆ ಹಾಕುವ ಮ್ಯಾಗ್ನೆಟ್ಟಿನ ತುಂಡು ಇರುತ್ತದಲ್ಲ, ಬೆರಳ ಗೆಣ್ಣಿನಷ್ಟು ಉದ್ದದ್ದು, ಬಿಳಿ ಪ್ಲಾಸ್ಟಿಕ್ ಹೊದಿಕೆಯದ್ದು, ಕೆಳಗಿನ ಯಂತ್ರ ತಿರುಗಿದರೆ ಗಿರಗಿರ ಸುತ್ತುವಂಥದ್ದು. ನನ್ನದನ್ನು ನಾನು ಮುದುಕ ಎಂದು ಕರೆಯುತ್ತೇನೆ. ನಾಲ್ಕು ವರ್ಷದ ಹಿಂದೆ, ಇಲ್ಲಿಗೆ ಬಂದ ಮೊದಲ ದಿನ ಈ ಮೇಜಿನ ಡ್ರಾಯರಿನಲ್ಲಿ ಸಿಕ್ಕಿದ. ನನಗಿಂತ ಮುಂಚೆ ಇಲ್ಲಿ ದುಡಿದು ಹೋದ ಯಾರದೋ ಆಸ್ತಿ. ಬಿಳಿ ಹೋಗಿ ಕಪ್ಪಾಗಿದ್ದಾನೆ, ತುದಿಯಲ್ಲಿ ಬಿರುಕು. ಈ ಕಟ್ಟಡದಲ್ಲಿ ನನ್ನ ಹಾಗೆ ಕಾಣುವವನು ಅವನೊಬ್ಬನೇ. ಇದಕ್ಕೂ ಹಿಂದಿನ ಕೆಲಸದಲ್ಲಿ ಮೊದಲ ಬಾರಿ ಒಳ್ಳೆಯ ಫಲ ಬಂದದ್ದು ಅವನಿದ್ದಾಗ. ಅಂದಿನಿಂದ ಬೇರೆಯದನ್ನು ಮುಟ್ಟಿಲ್ಲ. ತೊಳೆಯಲೂ ಕೊಡುವುದಿಲ್ಲ, ಕಳೆದುಹಾಕಿಬಿಟ್ಟಾರು ಎಂದು. ನಾನೇ ಒರೆಸಿ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತೇನೆ.

ತಾಯತ ಕಿತ್ತೆಸೆಯಿರಿ ಎಂದು ಊರೂರು ತಿರುಗಿ ಕೂಗಿದವಳು ನಾನು. ಆ ಹೋರಾಟದ ದಿನಗಳಲ್ಲಿ ಸಂಘಟನೆಯವರು ನನ್ನನ್ನು ಕಿಡಿ ಎಂದು ಕರೆಯುತ್ತಿದ್ದರು. ಕಿಡಿಯ ಜೇಬಿನಲ್ಲಿ ತಾಯತ! ನಗು ಬಂತು. ನಗಲು ಜೊತೆಗೆ ಯಾರೂ ಇರಲಿಲ್ಲ.

ಮಾರ್ಚ್ ೧೦, ಸೋಮವಾರ

ವಾರದ ಮೀಟಿಂಗ್. ನಾನು ತೋರಿಸಿದೆ. ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡವರು, ಎದ್ದು ನಿಂತು, "ನಾವು ಸಾಧಿಸಿದ್ವಿ" ಎಂದರು. ನಾವು! ಎರಡು ವರ್ಷ ಅದು ನೀರಾಗಿದ್ದಾಗ ಅದು "ನಿನ್ನ ಪ್ರಾಜೆಕ್ಟು" ಆಗಿತ್ತು. ಗಟ್ಟಿಯಾದ ಕೂಡಲೇ ನಮ್ಮದಾಯಿತು. ಬಿತ್ತುವಾಗ ಒಬ್ಬಳು, ಬಡಿಸುವಾಗ ಸಾಲು.

ನುಂಗಿಕೊಂಡೆ. ವಿಜ್ಞಾನಪತ್ರಿಕೆಗೆ ಲೇಖನ, ಆಸ್ಪತ್ರೆಯ ಪ್ರಯೋಗಾಲಯಕ್ಕೆ ಮಾದರಿ ಹೋಗುತ್ತದೆ. ಅಲ್ಲಿ ತಟ್ಟೆಯಲ್ಲಿ ಬೆಳೆಸಿದ ಚರ್ಮದ ಜೀವಕೋಶಗಳ ಮೇಲೆ ಇಟ್ಟು ನೋಡುತ್ತಾರೆ. ಕೋಶ ಬದುಕಿದರೆ ಪ್ರಾಣಿಗಳ ಗಾಯ. ಆಮೇಲೆ ಮನುಷ್ಯರ ಕಾಲು.

ಇಸ್ತ್ರಿ ಬಂದು, "ಏನ್ರೀ, ಇನ್ಮೇಲೆ ನಮ್ಮ ಜೊತೆ ಮಾತಾಡ್ತೀರೋ ಇಲ್ವೋ?" ಎಂದ.

"ಇಷ್ಟು ದಿನ ಎಲ್ಲಿ ಆಡ್ತಿದ್ದೆ?" ಎಂದೆ.

ಅವನು ಹೋದ. ಹೋಗಲಿ.

ಮಾರ್ಚ್ ೧೬, ಭಾನುವಾರ

ರಜೆ. ಕೋಣೆ. ಕೆಳಗೆ ಬೀಗ ರಿಪೇರಿಯ ಅಂಗಡಿ ಮುಚ್ಚಿದೆ. ಅರದ ಸದ್ದೂ ಇಲ್ಲ. ನಿಂತೇ ಊಟ ಮಾಡಿದೆ, ಒಂದು ತಟ್ಟೆ ತೊಳೆದೆ, ಒಂದು ಲೋಟ. ಅಣ್ಣನ ಫೋನ್ ಬಂತು. ಎತ್ತಲಿಲ್ಲ. ಎತ್ತಿದರೆ ಅಮ್ಮನಿಗೆ ಕೊಡುತ್ತಾನೆ, ಅಮ್ಮ ಯಾವಾಗ ಬರ್ತೀಯ ಎನ್ನುತ್ತಾಳೆ.

ಮಾರ್ಚ್ ೨೮, ಶುಕ್ರವಾರ

ಕೋಶಗಳು ಸತ್ತಿವೆ.

ಎಲ್ಲವೂ ಅಲ್ಲ. ಜೆಲ್ ಅಂಟಿದ ಅಂಚಿನಲ್ಲಿ ಮೂರಕ್ಕೊಂದು. ಗಾಯ ಮುಚ್ಚಬೇಕಾದ್ದು ಗಾಯದ ಅಂಚನ್ನೇ ತಿನ್ನುತ್ತಿದೆ. "ಮಾದರಿಯಲ್ಲಿ ಏನೋ ಕಲ್ಮಶ ಇದ್ದಂತಿದೆ, ಪರಿಶೀಲಿಸಿ" ಎಂದು ಪತ್ರ.

ನನ್ನ ಅಣುವಿನಲ್ಲಿ ಕಲ್ಮಶವಿಲ್ಲ. ಒಂದೊಂದು ಕೊಂಡಿಯನ್ನೂ ನಾನೇ ಪೋಣಿಸಿದ್ದೇನೆ, ನಾಲ್ಕು ಸಲ ಶುದ್ಧ ಮಾಡಿದ್ದೇನೆ. ಹಾಗಾದರೆ ಎಲ್ಲಿಂದ? ನನ್ನ ಕೈ ದಾಟಿ ಹೋಗಿಬರುವುದು ಒಂದೇ. ಗಾಜು.

ಮಾರ್ಚ್ ೩೧, ಸೋಮವಾರ

ಹೇಳಿಬಿಟ್ಟೆ. ದೊಡ್ಡವರು, "ಎಲ್ಲಿ ಎಡವಿದೆ?" ಎಂದು ಎಲ್ಲರೆದುರು ಕೇಳಿದರು. ಇಸ್ತ್ರಿ ಪೆನ್ನಿನ ಮುಚ್ಚಳ ಕಚ್ಚುತ್ತಾ ನನ್ನ ಮುಖವನ್ನೇ ನೋಡುತ್ತಿದ್ದ.

"ನನ್ನ ಕೆಲಸದಲ್ಲಿ ತಪ್ಪಿಲ್ಲ ಸರ್. ಗಾಜು ಸರಿಯಾಗಿ ತೊಳೀತಿಲ್ಲ. ಸೋಪಿನ ಅಂಶ ಉಳೀತಿದೆ."

ತೊಳೆಯುವವಳು ತಟ್ಟೆ ಒಯ್ಯಲು ಬಂದವಳು ಬಾಗಿಲಲ್ಲೇ ಇದ್ದಳು. ಏನೋ ಹೇಳಲು ಬಾಯಿ ತೆಗೆದಳು. "ಅಲ್ಲ ಮೇಡಂ, ಆ ಒಂದು..."

"ನೀನು ಸುಮ್ನಿರಮ್ಮ" ಎಂದೆ. ಮೀಟಿಂಗಿನಲ್ಲಿ ಎಲ್ಲರೂ ಬಾಯಿ ಹಾಕಿದರೆ ಹೇಗೆ?

ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದು ಅವಳಿಗೆ ಮಧ್ಯಾಹ್ನವೇ ಹೇಳಿದರಂತೆ. ಕಾರಿಡಾರಿನ ಬೋರ್ಡಿನಲ್ಲಿ ಕಾಗದವೂ ಬಿತ್ತು: ಅಶುಚಿಯಾದ ಗಾಜಿನಿಂದಾಗಿ ಪ್ರಯೋಗ ಕೆಟ್ಟ ಬಗ್ಗೆ. ಅವಳನ್ನು ಕಳಿಸಿ ಎಂದು ನಾನು ಹೇಳಲಿಲ್ಲ. ಇದ್ದದ್ದನ್ನು ಹೇಳಿದೆ. ಸತ್ಯ ಹೇಳುವಾಗ ಎದುರಿಗೆ ಇರುವವರು ದೊಡ್ಡವರೋ ಸಣ್ಣವರೋ ಎಂದು ನೋಡಬಾರದು. ಇದನ್ನು ನನಗೆ ಕಲಿಸಿದ್ದೇ ಸಂಘಟನೆ.

ಏಪ್ರಿಲ್ ೩, ಗುರುವಾರ

ನನ್ನ ಗಾಜನ್ನು ನಾನೇ ತೊಳೆದೆ. ಮೂರು ಸಲ. ಬೆರಳ ತುದಿ ಬಿರಿದಿದೆ. ಹೊಸ ಮಾದರಿ ಮಾಡಿ ಆಸ್ಪತ್ರೆಗೆ ಕಳಿಸಿದೆ. ಗಟ್ಟಿಯಾಗಲು ಹತ್ತೊಂಬತ್ತು ನಿಮಿಷ ತೆಗೆದುಕೊಂಡಿತು. ಸೆಕೆ ಇರಬೇಕು, ಅಥವಾ ನನ್ನ ಆತುರ.

ಉಳಿದ ಗಾಜಿಗೆ ಯಂತ್ರ ತಂದಿದ್ದಾರೆ. ತೊಳೆಯುತ್ತದೆ, ಆದರೆ ಜೋಡಿಸುವವರಿಗೆ ಬುದ್ಧಿಯಿಲ್ಲ. ಫ್ಲಾಸ್ಕುಗಳನ್ನೆಲ್ಲ ಮೇಜಿನ ಬಲಕ್ಕಿಟ್ಟು ಹೋಗುತ್ತಾರೆ. ನನ್ನದು ಎಡಗೈ. ಪ್ರತಿಸಲ ಮೈ ತಿರುಗಿಸಿ ಎತ್ತಿಕೊಳ್ಳಬೇಕು. ಮುಂಚೆ ಎಲ್ಲ ಎಡಕ್ಕೇ ಇರುತ್ತಿತ್ತು. ಹೇಗೆ ಇರುತ್ತಿತ್ತೋ.

ನಾಲ್ಕು ದಿನವಾಯಿತು, ಈ ಕಟ್ಟಡದಲ್ಲಿ ನನ್ನ ಕಿವಿಗೆ ಬೀಳುವುದು ಯಂತ್ರದ ಗುಂಯ್ ಒಂದೇ.

ಏಪ್ರಿಲ್ ೬, ಭಾನುವಾರ

ಅಮ್ಮನ ಫೋನ್ ಎತ್ತಿದೆ.

"ಬದುಕಿದ್ದೀಯಾ ಮಹಾತಾಯಿ?"

"ಇದ್ದೀನಮ್ಮ."

"ಇನ್ನೂ ಅದೇನೋ ಕಲಕ್ತಾನೇ ಇದ್ದೀಯಾ?"

ಕೆಲಸ ಕೆಟ್ಟದ್ದನ್ನು ಹೇಳಿದೆ. ಗಾಜು ತೊಳೆಯುವವಳ ದೆಸೆಯಿಂದ ಎಂದೆ. ಅಮ್ಮ ಕೇಳಿದಳು:

"ಕತ್ತರಿ ನೆನಪಿದೆಯಾ ನಿಂಗೆ?"

ನೆನಪಿಲ್ಲದೆ ಏನು. ಆಪರೇಷನ್ ಕೋಣೆಯ ಕತ್ತರಿಯೊಂದು ಕಾಣೆಯಾಗಿ, ಒಗೆಯುವವಳೇ ಬಟ್ಟೆ ಗಂಟಿನಲ್ಲಿ ಸಾಗಿಸಿದಳು ಎಂದು ಅಮ್ಮನನ್ನು ಹನ್ನೊಂದು ದಿನ ಹೊರಗಿಟ್ಟಿದ್ದರು. ಕೊನೆಗೆ ಅದು ಡಾಕ್ಟರ ಕೋಟಿನ ಜೇಬಿನಲ್ಲಿತ್ತು.

"ಅದನ್ನ ಎಷ್ಟು ವೇದಿಕೆ ಮೇಲೆ ಹೇಳಿದ್ದೀನಮ್ಮಾ ನಾನು!"

"ಹೇಳಿದ್ದೀಯ. ಚಪ್ಪಾಳೆನೂ ಹೊಡೆಸ್ಕೊಂಡಿದ್ದೀಯ." ಕೆಮ್ಮಿದಳು. "ಕತ್ತರಿ ಸಿಕ್ಕಿದ್ದನ್ನ ನಂಗೆ ಯಾರೂ ಬಂದು ಹೇಳ್ಲಿಲ್ಲ ಕಣೇ. ಸುಮ್ನೆ ಬಾ ಅಂದ್ರು, ಹೋದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಬರೆ ಎಳೆದವರು ಮರೀತಾರೆ, ಎಮ್ಮೆ ಮರೆಯಲ್ಲ."

"ಇದು ಬೇರೆ ಅಮ್ಮ. ಇಲ್ಲಿ ವಿಜ್ಞಾನ ಇದೆ."

"ಇರ್ಲಿ ಬಿಡು" ಎಂದಳು. ಊಟ ಆಯ್ತಾ ಎಂದು ಕೇಳದೆ ಇಟ್ಟಳು. ವಯಸ್ಸಾಯಿತು, ಎಲ್ಲದಕ್ಕೂ ತನ್ನ ಕತ್ತರಿಯನ್ನೇ ತರುತ್ತಾಳೆ.

ಏಪ್ರಿಲ್ ೧೪, ಸೋಮವಾರ

ಮತ್ತೆ ಸತ್ತಿವೆ. ನನ್ನ ಕೈಯಾರೆ ತೊಳೆದ ಗಾಜಿನದ್ದು.

ಏಪ್ರಿಲ್ ೧೬, ಬುಧವಾರ

ದೊಡ್ಡವರು ಪ್ರಾಣಿಗಳಿಗಾಗಿ ಹತ್ತು ಪಟ್ಟು ಹೆಚ್ಚು ಮಾಡು ಎಂದರು. ಕಲ್ಮಶ ಆಮೇಲೆ ನೋಡಿಕೊಳ್ಳೋಣವಂತೆ. ದೊಡ್ಡ ಫ್ಲಾಸ್ಕಿಗೆ ಮುದುಕ ಸಾಲುವುದಿಲ್ಲ. ಉಗ್ರಾಣದಿಂದ ಉದ್ದನೆಯ ಹೊಸ ಮ್ಯಾಗ್ನೆಟ್ ತಂದು ಹಾಕಿದೆ.

ಹತ್ತು ನಿಮಿಷ. ಇಪ್ಪತ್ತು. ಒಂದು ಗಂಟೆ. ಸಂಜೆಯವರೆಗೆ.

ನೀರು.

ಏಪ್ರಿಲ್ ೧೭, ಗುರುವಾರ

ಅದೇ ನೀರಿನಿಂದ ಒಂದು ಲೋಟದಷ್ಟು ತೆಗೆದೆ. ಸಣ್ಣ ಫ್ಲಾಸ್ಕಿಗೆ ಸುರಿದೆ. ಮುದುಕನನ್ನು ಹಾಕಿದೆ. ಇಪ್ಪತ್ತಾರು ನಿಮಿಷಕ್ಕೆ ಗಟ್ಟಿಯಾಯಿತು.

ಹನ್ನೊಂದು, ಹನ್ನೆರಡು, ಹತ್ತೊಂಬತ್ತು, ಇಪ್ಪತ್ತಾರು. ಖಾಲಿಯಾಗುತ್ತಿದ್ದಾನೆ. ಏನು ಖಾಲಿಯಾಗುತ್ತಿದೆ ಎಂದು ನನಗೆ ಗೊತ್ತು. ಬರೆಯಲು ಕೈ ಏಳುತ್ತಿಲ್ಲ.

ಏಪ್ರಿಲ್ ೧೯, ಶನಿವಾರ

ಮುದುಕನನ್ನು ಎರಡು ದಿನ ಆಸಿಡ್ಡಿನಲ್ಲಿ ನೆನೆಸಿಟ್ಟಿದ್ದೆ. ಇಂದು ಆ ದ್ರಾವಣಕ್ಕೆ ಅಮೋನಿಯಾ ಹನಿಸಿದೆ. ತಾಮ್ರವಿದ್ದರೆ ನೀಲಿಯಾಗುತ್ತದೆ, ಇದನ್ನು ಶಾಲೆಯ ಮಕ್ಕಳೂ ಮಾಡುತ್ತಾರೆ.

ನೀಲಿ.

ನನಗಿಂತ ಮುಂಚೆ ಆ ಮೇಜಿನಲ್ಲಿದ್ದವರು ವರ್ಷಗಟ್ಟಲೆ ತಾಮ್ರದ ಲವಣ ಕಲಕಿದ್ದಿರಬೇಕು. ಬಿರುಕಿನೊಳಗೆ ಕೂತಿದ್ದು ಇಷ್ಟಿಷ್ಟೇ ಇಳಿಯುತ್ತಿತ್ತು. ಹಳೆಯ ಕೊಕ್ಕೆಗಳಿಗೆ ಅಷ್ಟು ಸಾಲಲಿಲ್ಲ, ಈ ಸಲದ ಕೊಕ್ಕೆಗೆ ಸಾಕಾಯಿತು. ನನ್ನ ಕೊಕ್ಕೆ ತಾಮ್ರವಿಲ್ಲದೆ ಯಾವತ್ತೂ ಬಿದ್ದಿಲ್ಲ. ಕೋಶಗಳನ್ನು ಕೊಂದದ್ದು ಸೋಪಲ್ಲ. ನನ್ನ ಜೇಬು.

ಕೋಟಿನ ಜೇಬು.

ಏಪ್ರಿಲ್ ೨೧, ಸೋಮವಾರ

ಮೀಟಿಂಗಿಗೆ ಮುಂಚೆ ದೊಡ್ಡವರ ಕೋಣೆಗೆ ಹೋದೆ. ನೀಲಿ ಟ್ಯೂಬನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿ, ತಮ್ಮ ಡ್ರಾಯರಿನೊಳಗೆ ಇಟ್ಟುಕೊಂಡರು.

"ಯಾರಿಗೆಲ್ಲ ಹೇಳಿದ್ದೀಯ?"

"ಯಾರಿಗೂ ಇಲ್ಲ."

"ಒಳ್ಳೇದು. ನೋಡಮ್ಮ, ಲೇಖನ ಅಚ್ಚಿಗೆ ಹೋಗಿದೆ. ತಾಮ್ರವಿಲ್ಲದೆ ಅಂತ ತಲೆಬರಹದಲ್ಲೇ ಇದೆ. ಆ ಮ್ಯಾಗ್ನೆಟ್ಟಲ್ಲೇ ಇನ್ನೊಂದು ಸಲ ಮಾಡು, ಜೆಲ್ಲನ್ನ ಚೆನ್ನಾಗಿ ನೆನೆಸಿ ತಾಮ್ರ ತೆಗೆದು ಕಳಿಸು. ಕೋಶ ಬದುಕುತ್ತೆ. ಆಮೇಲೆ ನಿಧಾನಕ್ಕೆ ನಿಜವಾದ ಕೊಕ್ಕೆ ಹುಡುಕು. ಯಾರು ಬೇಡ ಅಂದ್ರು?"

"ಗಾಯದ ಮೇಲೆ ಸುರಿದ ಮೇಲೆ ನೆನೆಸೋದು ಹೇಗೆ ಸರ್? ರೋಗಿ ಕಾಲನ್ನ ಬಕೆಟ್ಟಲ್ಲಿ ಇಡ್ತೀವಾ? ಮತ್ತೆ ಆ ತೊಳೆಯುವವರು?"

"ಗಾಜಿನ ತಪ್ಪು ಅಂತ ದಾಖಲಾಗಿದೆಯಲ್ಲ, ಹಾಗೇ ಇರ್ಲಿ. ನಿನ್ನ ಹೆಸರಿಗೆ ಕಳಂಕ ಇಲ್ಲ. ಅವಳಿಗೆ ಬೇರೆ ಕಡೆ ಕೆಲಸ ಸಿಗುತ್ತೆ. ನಿನ್ನಂಥವಳು ಇಲ್ಲೀತನಕ ಬರೋದು ಎಷ್ಟು ಕಷ್ಟ ಅಂತ ನಂಗೊತ್ತು. ನೀನೇ ಹಾಳು ಮಾಡ್ಕೋಬೇಡ."

ನಿನ್ನಂಥವಳು. ಏನು ಪ್ರೀತಿ! ಏಣಿ ಕೊಟ್ಟವರು ಏಣಿಯ ಲೆಕ್ಕವನ್ನೂ ಕೇಳುತ್ತಾರೆ.

ಆದರೂ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ನಾನು.

ಏಪ್ರಿಲ್ ೨೩, ಬುಧವಾರ

ಅವರು ಹೇಳಿದಂತೆ ಮಾಡಿದರೆ ತಪ್ಪೇನು? ಆರು ತಿಂಗಳಲ್ಲಿ ನಿಜವಾದ ಕೊಕ್ಕೆ ಕಟ್ಟಿಬಿಡಬಹುದು. ಕಟ್ಟುತ್ತೇನೆ. ಆಗ ಸುಳ್ಳು ತಾನಾಗಿ ಸತ್ಯವಾಗುತ್ತದೆ.

ಏಪ್ರಿಲ್ ೨೪, ಗುರುವಾರ

ಮೇಲಿನದನ್ನು ಓದಿದೆ. ಹೊಡೆದುಹಾಕುವುದಿಲ್ಲ. ಇರಲಿ, ಕಣ್ಣೆದುರಿಗೆ.

ಏಪ್ರಿಲ್ ೨೬, ಶನಿವಾರ

ಗಾಜು ತೊಳೆಯುವವರ ಮನೆ ಹುಡುಕಿಕೊಂಡು ಹೋದೆ. ಉಗ್ರಾಣದವನು ವಿಳಾಸ ಕೊಟ್ಟ. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಮಗಳು ಬಾಗಿಲು ತೆಗೆದು, "ಅಮ್ಮಾ, ಆಫೀಸಿಂದ" ಎಂದು ಒಳಗೆ ಹೋದಳು. ಅವರು ಸೀರೆಗೆ ಕೈ ಒರೆಸುತ್ತ ಬಂದರು. ಬೆರಳುಗಳನ್ನು ನೋಡಿದೆ. ಗೆಣ್ಣುಗಳ ಬಿರುಕು, ಬಿಳಿಚಿದ ಉಗುರು. ನಾಲ್ಕು ವರ್ಷದಿಂದ ದಿನಾ ನನ್ನೆದುರು ತಟ್ಟೆ ಹಿಡಿದಿದ್ದ ಕೈ. ಅಮ್ಮನ ಕೈಯೇ.

ಕೂತ್ಕೊಳ್ಳಿ ಎನ್ನಲಿಲ್ಲ. ನಿಂತೇ ಹೇಳಿದೆ, ಎಲ್ಲವನ್ನೂ. ಮುದುಕ, ತಾಮ್ರ, ಜೇಬು.

"ಆ ಕರೀ ಮ್ಯಾಗ್ನೆಟ್ಟಾ?" ಎಂದರು. "ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ತಾಮ್ರ ಗೀಮ್ರ ಎಲ್ಲ ಗೊತ್ತಿಲ್ಲ. ಎಲ್ಲರ ಮ್ಯಾಗ್ನೆಟ್ಟೂ ನನ್ನ ಕೈಗೆ ಬರುತ್ತೆ, ಅದೊಂದು ಬರಲ್ಲ. ತೊಳೆಯದೇ ಇರೋದು ಅದೊಂದೇ. ಹಾಗಿದ್ದಮೇಲೆ ಕೊಳೆ ಎಲ್ಲಿರುತ್ತೆ?"

"ಹೇಳಬಾರದಿತ್ತಾ ಅಕ್ಕಾ?"

ಅವರು ನನ್ನ ಮುಖ ನೋಡಿದರು. "ಹೇಳೋಕೆ ಬಾಯಿ ತೆಗೆದೆ. ಸುಮ್ನಿರಮ್ಮ ಅಂದ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಕೋಟಿಲ್ಲದ ಮೈಮೇಲೆ ಜೇಬು ಹುಡುಕುತ್ತಿತ್ತು. ತಪ್ಪಾಯಿತು ಎಂದೆ.

"ಸರಿ. ನಂಗೆ ಹೇಳಿದ್ರಿ, ನನ್ನ ಬಾಗಿಲಲ್ಲಿ ನಿಂತು." ಅವರ ದನಿ ಏರಲಿಲ್ಲ. "ಬಯ್ದದ್ದು ಎಲ್ಲರೆದುರು. ಕಾಗದ ಅಂಟಿಸಿದ್ದು ಎಲ್ಲರೂ ಓಡಾಡೋ ಕಡೆ. ನನ್ನ ಮಗಳ ಗೆಳತೀರ ಅಮ್ಮಂದಿರೂ ಅಲ್ಲೇ ಕೆಲಸ ಮಾಡ್ತಾರೆ. ಬಯ್ಯೋದು ಬೀದೀಲಿ, ಕ್ಷಮೆ ಕೇಳೋದು ಮೂಲೇಲಾ? ಯಾರ ಮುಂದೆ ಹೇಳಿದ್ರೋ ಅವರ ಮುಂದೆ ಹೇಳಿ. ಆಮೇಲೆ ನೋಡೋಣ."

"ಹೇಳಿದ್ರೆ ನನ್ನ ಕೆಲಸ ಹೋಗಬಹುದು."

"ನಂದು ಹೋಗಿದೆಯಲ್ಲ ಮೇಡಂ" ಎಂದರು.

ಮೆಟ್ಟಿಲಿಳಿಯುವಾಗ ಮೇಲಿನಿಂದ ಕೇಳಿದರು: "ಎಡಗೈ ನೋವು ಹೇಗಿದೆ? ಆವಾಗಾವಾಗ ಹಿಡ್ಕೊಳ್ತಿದ್ರಿ."

ಆ ಕಟ್ಟಡದಲ್ಲಿ ನನ್ನದು ಎಡಗೈ ಎಂದು ತಿಳಿದಿದ್ದವರು ಯಾರು ಎಂಬುದು ಎರಡನೇ ಮಹಡಿಗೆ ಬಂದಾಗ ಹೊಳೆಯಿತು. ಕಂಬಿ ಹಿಡಿದು ಅಲ್ಲೇ ಕೂತೆ.

ಏಪ್ರಿಲ್ ೨೮, ಸೋಮವಾರ

ಹೇಳಿದೆ.

ಡ್ರಾಯರಿನೊಳಗೆ ಹೋದ ಟ್ಯೂಬ್ ಹೋಗಲಿ. ಬಿರುಕಿನಲ್ಲಿ ಇನ್ನೂ ಉಳಿದಿತ್ತು. ಎಲ್ಲರೆದುರು ಮುದುಕನನ್ನು ಆಸಿಡ್ಡಿಗೆ ಹಾಕಿ, ಕಾಯಿಸಿ, ಅಮೋನಿಯಾ ಹನಿಸಿದೆ. ತಿಳಿನೀಲಿ. ಆದರೂ ನೀಲಿಯೇ.

"ಕೋಶ ಕೊಂದದ್ದು ಇದು. ಇದನ್ನ ನಾನು ಯಾವತ್ತೂ ತೊಳೆಯೋಕೆ ಕೊಟ್ಟಿಲ್ಲ. ಗಾಜು ಸ್ವಚ್ಛವಾಗಿತ್ತು. ನಾನು ಆಡಿದ್ದು ಸುಳ್ಳು. ತಾಮ್ರವಿಲ್ಲದೆ ಅನ್ನೋದೂ ಸುಳ್ಳು. ಲೇಖನ ವಾಪಸ್ ತಗೋಬೇಕು. ಆಸ್ಪತ್ರೆಗೆ ನಾನು ಬೆಳಿಗ್ಗೇನೇ ಬರೆದಿದ್ದೀನಿ."

ದೊಡ್ಡವರು, "ಭಾವೋದ್ವೇಗ" ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಇನ್ನೂ ಏನೇನೋ ಹೇಳುತ್ತಿದ್ದರು. ನಾನು ಎದ್ದು ಹೋಗಿ ಬೋರ್ಡಿನ ಮೇಲಿದ್ದ ಕಾಗದ ಕಿತ್ತೆ. ಅದೇ ಜಾಗದಲ್ಲಿ, ಅದೇ ನಾಲ್ಕು ಪಿನ್ನುಗಳಿಂದ ನನ್ನ ಕೈಬರಹದ ಹಾಳೆ ಚುಚ್ಚಿದೆ. ಹಿಂದೆ ಬಂದ ಇಸ್ತ್ರಿ ಅದನ್ನು ಪೂರ್ತಿ ಓದಿದ.

"ಹುಚ್ಚಾ ನಿಮಗೆ?" ಎಂದ. ಆಮೇಲೆ ಮೆಲ್ಲಗೆ, "ನನ್ನ ಡ್ರಾಯರಲ್ಲೂ ಒಂದು ಹಳೇದಿದೆ ಕಣ್ರೀ. ಈಗ ಭಯ ಆಗ್ತಿದೆ."

"ತೊಳೆಯೋಕೆ ಕೊಡಿ" ಎಂದೆ.

ಮೇ ೫, ಸೋಮವಾರ

ನನ್ನ ಕೆಲಸ ಹೋಗಿಲ್ಲ. ಈ ವರ್ಷ ಮುಗಿದ ಮೇಲೆ ಮುಂದುವರಿಸುವುದಿಲ್ಲ ಎಂದು ಪತ್ರ ಕೊಟ್ಟಿದ್ದಾರೆ. ಕಿಟಕಿಯ ಮೇಜು ಹೋಯಿತು. ತೊಳೆಯುವ ಕೋಣೆಗೆ ಅಂಟಿಕೊಂಡ ಸಣ್ಣ ಮೇಜು ಸಿಕ್ಕಿದೆ. ಲೇಖನ ವಾಪಸಾಗಿದೆ. ಆಸ್ಪತ್ರೆಯವರು ಒಂದೇ ಸಾಲು ಬರೆದರು: ಹೇಳಿದ್ದು ಒಳ್ಳೆಯದಾಯಿತು, ಹೊಸದು ಸಿಕ್ಕಿದಾಗ ಕಳಿಸಿ.

ಅಮ್ಮನಿಗೆ ನಾನೇ ಫೋನ್ ಮಾಡಿದೆ. ಎಲ್ಲ ಕೇಳಿದಳು. "ಊಟ ಆಯ್ತಾ?" ಎಂದಳು.

ಮೇ ೧೨, ಸೋಮವಾರ

ವಿಚಾರಣೆ ಕೈಬಿಟ್ಟು ವಾಪಸ್ ಕರೆದಿದ್ದರು, ಅಕ್ಕ ಇಂದು ಕೆಲಸಕ್ಕೆ ಬಂದರು. ಕಾರಿಡಾರಿನಲ್ಲಿ ನಿಂತು, ಬೋರ್ಡಿನ ಹಾಳೆಯನ್ನು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಯಂತ್ರದ ಪ್ಲಗ್ ಕಿತ್ತರು. ಬ್ರಷ್ ತೆಗೆದುಕೊಂಡರು.

ನಾನು ಮೇಜಿಗೆ ಬಂದಾಗ ಫ್ಲಾಸ್ಕುಗಳು ಬಂದಿದ್ದವು, ಕನ್ನಡಿಯಂತೆ ಹೊಳೆಯುತ್ತ. ಬಲಗಡೆ.

ಎಲ್ಲವನ್ನೂ ಎತ್ತಿ ಎಡಕ್ಕಿಟ್ಟುಕೊಂಡೆ. ನನ್ನ ಕೆಲಸ, ನಾನೇ ಮಾಡಿಕೊಳ್ಳಬೇಕು.

ಹೊಸ ಕೊಕ್ಕೆ, ಹೊಸ ಮ್ಯಾಗ್ನೆಟ್. ಮೂರು ಗಂಟೆ ಕಲಕಿದೆ. ನೀರು. ಆದರೆ ಸುಳ್ಳಲ್ಲದ ನೀರು. ಸಂಜೆ ಐದಕ್ಕೆ ಮ್ಯಾಗ್ನೆಟ್ಟನ್ನು ಫ್ಲಾಸ್ಕಿನಿಂದ ತೆಗೆದು ತಟ್ಟೆಯಲ್ಲಿಟ್ಟುಕೊಂಡು ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತೆ. ತೊಟ್ಟಿಯ ಮೇಲೆ ಬಾಗಿದ್ದರು. ನಲ್ಲಿ ಓಡುತ್ತಿತ್ತು.

"ಮುಗೀತಾ ಅಕ್ಕಾ?"

ತಿರುಗಲಿಲ್ಲ. ಒದ್ದೆ ಕೈ ಹಿಂದಕ್ಕೆ ಚಾಚಿ ತಟ್ಟೆ ತೆಗೆದುಕೊಂಡರು.

"ಇನ್ನೂ ಇದೆ" ಎಂದರು.